ಅಮಾವಾಸ್ಯೆ ಪೂಜೆ ಮತ್ತು ನನ್ನ ಕಸ ಹೊಡೆಯುವ ಸ್ಕ್ರಿಪ್ಟ್

ಮೊನ್ನೆಯದಲ್ಲ, ಅದರ ಹಿಂದಿನ ಅಮಾವಾಸ್ಯೆಯ ದಿನ ನಾನು ಚಿಂಚೋಳಿಯ ಮುನ್ನೂರು ಚಿಲ್ಲರೆ ವಿದ್ಯಾರ್ಥಿಗಳ ಇಂಟರ್ನಲ್ ಮಾರ್ಕ್ಸ್ ಅಳಿಸಿಬಿಟ್ಟೆ. ಯಾರ ಮೇಲೂ ಸಿಟ್ಟಿರಲಿಲ್ಲ. ಸಂಜೆ ಐದೂವರೆ ಗಂಟೆ. ವಾಡಿಯಲ್ಲಿ, ನಮ್ಮ ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದೆ.

ವಾಡಿ ಎಲ್ಲಿ, ಚಿಂಚೋಳಿ ಎಲ್ಲಿ? ಸೇಡಂವರೆಗೆ ರೈಲು, ಅಲ್ಲಿಂದ ಮುಂದೆ ಬಸ್ಸು, ಅರ್ಧ ದಿನದ ಹಾದಿ. ಅಷ್ಟು ದೂರದ ಕೆಲಸ ಕೆಡಿಸಲು ನಾನು ಕೈಯಲ್ಲಿದ್ದ ಭಜಿ ಕೆಳಗಿಡಬೇಕಾಗಿಯೂ ಬರಲಿಲ್ಲ. ಎಲ್ಲ ತಾನಾಗಿಯೇ ಆಯಿತು. ಆಟೊಮೇಷನ್ ಅಂದರೆ ಅದೇ ಅಲ್ಲವೇ?

ನಗಬೇಡಿ. ನನಗಿನ್ನೂ ಪೂರ್ತಿ ನಗು ಬಂದಿಲ್ಲ.

ಈ ಅಂಕಣ ಓದುವವರಲ್ಲಿ ಅನೇಕರಿಗೆ ನಾನು ವಾರಕ್ಕೊಮ್ಮೆ ಹರಟುವ ಹೆಂಗಸು ಅಂತಷ್ಟೇ ಗೊತ್ತು. ನನಗೂ ಒಂದು ನೌಕರಿ ಇದೆ. ನಮ್ಮದೊಂದು ಶಿಕ್ಷಣ ಸಂಸ್ಥೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಹೀಗೆ ಐದು ಊರು, ಐದು ಕಾಲೇಜು, ಕಾಲೇಜಿಗೊಂದು ಸರ್ವರ್. ಆ ಐದರ ಯೋಗಕ್ಷೇಮ ನನ್ನದು. ಸರ್ವರ್ ಅಂದರೆ ಏನೋ ಮಹಾ ವಸ್ತು ಅಂದುಕೊಳ್ಳಬೇಡಿ. ನಮ್ಮಲ್ಲಿ ಅದು ಟ್ರಂಕಿನ ಗಾತ್ರದ ಕರಿ ಡಬ್ಬಿ. ಕಾಲೇಜಿನ ಹಾಜರಿ, ಮಾರ್ಕ್ಸ್, ಅಡ್ಮಿಷನ್ ಎಲ್ಲವೂ ಅದರ ಹೊಟ್ಟೆಯಲ್ಲಿ. ಲೆಕ್ಚರರುಗಳು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬರೆದದ್ದು ಬಂದು ಬೀಳುವುದು ಅಲ್ಲಿಗೇ.

ಹನ್ನೊಂದು ವರ್ಷ ನಾನು ಈ ಐದು ಡಬ್ಬಿಗಳ ಹಿಂದೆ ತಿರುಗಿದ್ದೇನೆ. ಸೋಮವಾರ ಶಹಾಬಾದ, ಮಂಗಳವಾರ ಚಿತ್ತಾಪುರ, ಬುಧವಾರ ಸೇಡಂ, ಗುರುವಾರ ಚಿಂಚೋಳಿ, ಉಳಿದ ದಿನ ವಾಡಿ. ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ, ಸ್ಕ್ರೂಡ್ರೈವರ್, ಒಂದು ಹಳೆಯ ಬ್ರಷ್. ಬ್ರಷ್ ಯಾಕೆ ಅಂತ ವಾಡಿಯವರನ್ನು ಕೇಳಿ ನೋಡಿ. ಒಗೆದು ಹಾಕಿದ ಸೀರೆ ಒಣಗುವಷ್ಟರಲ್ಲಿ ಸಿಮೆಂಟಿನ ಧೂಳು ಹೊತ್ತಿರುತ್ತದೆ, ಇನ್ನು ಸರ್ವರಿನ ಫ್ಯಾನಿನ ಗತಿ ಏನು?

ಹೋದಲ್ಲೆಲ್ಲ ಅದೇ ಕೆಲಸ. ಬ್ಯಾಕಪ್ ತೆಗೆಯುವುದು, ಹಳೆಯ ಕಡತ ಅಳಿಸಿ ಜಾಗ ಮಾಡುವುದು, ಹೊಸಬರಿಗೆ ಲಾಗಿನ್ ಕೊಡುವುದು, ಬಿಟ್ಟು ಹೋದವರದು ತೆಗೆಯುವುದು. ಐದು ಊರಲ್ಲಿ ಐದು ಸಲ. ಬೇಸರ ಬರಲಿಲ್ಲವೇ ಅಂತ ಕೇಳಿದರೆ, ಬಂದಿತ್ತು. ಆದರೆ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಗುತ್ತಿತ್ತು.

ಹೋದ ವರ್ಷದ ಕೊನೆಗೆ ಹೈದರಾಬಾದಿನಿಂದ ಒಂದು ಕಂಪನಿಯವರು ಬಂದರು. ಇಬ್ಬರು ಗಂಡಸರು, ಒಂದು ಲ್ಯಾಪ್‌ಟಾಪ್. ನಮ್ಮ ಸಂಸ್ಥೆಯ ಸೆಕ್ರೆಟರಿ ಸಾಹೇಬರ ಮುಂದೆ ಕೂತು, ಐದೂ ಸರ್ವರುಗಳನ್ನು ತಮ್ಮ ಊರಿನಿಂದಲೇ ನೋಡಿಕೊಳ್ಳುತ್ತೇವೆ, ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ ಅಂದರು. ಸ್ಕ್ರಿಪ್ಟ್ ಬರೆದಿಟ್ಟರೆ ಸಾಕು, ಎಲ್ಲ ತಾನೇ ಆಗುತ್ತದೆ ಅಂತ ಕುಳಿತಲ್ಲಿಯೇ ಮಾಡಿ ತೋರಿಸಿದರು. ಸಾಹೇಬರು ನನ್ನತ್ತ ತಿರುಗಿದರು. ಹಾಗಾದರೆ ಹನ್ನೊಂದು ವರ್ಷ ನೀನು ರೈಲಿನಲ್ಲಿ ಓಡಾಡಿದ್ದು ಯಾಕೆ ಅಂತ ಅವರು ಬಾಯಿ ಬಿಟ್ಟು ಕೇಳಲಿಲ್ಲ. ಕಣ್ಣಿನಲ್ಲಿ ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಅವರ ಮೇಲೆ ಅಲ್ಲ, ನನ್ನ ಮೇಲೆ. ಸ್ಕ್ರಿಪ್ಟ್ ಅನ್ನುವುದು ನಾನು ಕೇಳರಿಯದ ವಿದ್ಯೆಯೇನೂ ಆಗಿರಲಿಲ್ಲ. ದಿನಾ ಕೈಯಿಂದ ಒಂದೊಂದಾಗಿ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದು, ಇಷ್ಟು ಗಂಟೆಗೆ ಇದನ್ನು ಮಾಡು ಅಂತ ಸರ್ವರಿನ ಕೈಗೇ ಕೊಡುವುದು, ಅಷ್ಟೇ. ಎರಡು ಮೂರು ಸಾಲಿನವು ನಾನೂ ಬರೆದಿದ್ದೆ. ಐದು ಸರ್ವರುಗಳನ್ನು ಒಟ್ಟಿಗೆ ಆಳುವಂಥದ್ದು ಬರೆಯುವುದು ನಮ್ಮಂಥವರ ಕೈಲಾಗದ್ದು ಅಂತ ನಾನೇ ನಿರ್ಧರಿಸಿಕೊಂಡಿದ್ದೆ. ಡಿಪ್ಲೊಮಾ ಮುಗಿಸಿ ಇಪ್ಪತ್ತೈದು ವರ್ಷದ ಮೇಲೆ ಯಾರು ಹೊಸದಾಗಿ ಕಲಿಯುತ್ತಾರೆ ಅಂತ.

ಸಾಹೇಬರ ಹತ್ತಿರ ಮೂರು ತಿಂಗಳ ಗಡುವು ಕೇಳಿದೆ. ಅವರು ಕೊಟ್ಟರು. ಮೂರು ತಿಂಗಳಲ್ಲಿ ವಾಡಿಯಿಂದಲೇ ಐದೂ ಸರ್ವರು ನಡೆಸಿ ತೋರಿಸಿದರೆ ಕೆಲಸ ನಿನ್ನದು, ಇಲ್ಲದಿದ್ದರೆ ಕಂಪನಿಗೆ, ನಿನಗೆ ಅಡ್ಮಿಷನ್ ಕೌಂಟರ್ ಅಂದರು. ನಾನು ಆಯಿತು ಅಂದೆ. ಕೌಂಟರಿನಲ್ಲಿ ಕೂತು ಜಾತಿ ಪ್ರಮಾಣಪತ್ರದ ಜೆರಾಕ್ಸ್ ಪಿನ್ ಮಾಡುವ ನನ್ನ ಚಿತ್ರ ಕಣ್ಮುಂದೆ ಬಂತು. ಸಾಧ್ಯವೇ ಇಲ್ಲ. ಹಟ ಅಂದರೆ ಹಟ.

ಕಿಟಕಿ ಪಕ್ಕದ ಸೀಟಿನ ಸುಖ ಅಲ್ಲಿಗೆ ಮುಗಿಯಿತು. ರೈಲಿನಲ್ಲಿ ಮೊಬೈಲು, ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್. ಚಿತ್ತಾಪುರ ದಾಟುವಷ್ಟರಲ್ಲಿ ಒಂದು ಪಾಠ, ಸೇಡಂ ಬರುವಷ್ಟರಲ್ಲಿ ಇನ್ನೊಂದು. ಶಹಾಬಾದದಲ್ಲಿ ನನ್ನ ಮೊದಲ ದೊಡ್ಡ ಸ್ಕ್ರಿಪ್ಟ್ ಐದು ಸಲ ಓಡಿ ಒಬ್ಬಳೇ ಲೆಕ್ಚರರಿಗೆ ಐದು ಲಾಗಿನ್ ಮಾಡಿಕೊಟ್ಟಿತು. ಒಂದೇ ಸ್ಕ್ರಿಪ್ಟ್ ಎರಡು ಸಲ ಓಡಿದರೂ ಕೆಡುಕಾಗಬಾರದು ಅನ್ನುವ ಪಾಠ ಅವತ್ತು ಕಲಿತೆ. ಮನೆಯಲ್ಲಿ ಇಬ್ಬರು ಹೆಂಗಸರಿದ್ದರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದಲ್ಲ, ಹಾಗೆ. ಹಾಕುವ ಮುನ್ನ ರುಚಿ ನೋಡು ಅಂತ ಸ್ಕ್ರಿಪ್ಟಿಗೂ ಹೇಳಿಕೊಡಬೇಕು.

ಕಲಿತೆ. ನಡುವೆ ತಪ್ಪಾದರೆ ಅಲ್ಲಿಗೇ ನಿಲ್ಲುವುದು ಕಲಿಸಿದೆ. ಮಾಡಿದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುವುದು ಕಲಿಸಿದೆ. ವಾಡಿಯಲ್ಲಿ ಒಂದು ಗುಂಡಿ ಒತ್ತಿದರೆ ಐದೂ ಊರಿನಲ್ಲಿ ಬ್ಯಾಕಪ್ ಆಗುವುದನ್ನು ಮೊದಲ ಸಲ ನೋಡಿದಾಗ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ? ನಲವತ್ತೇಳು ವರ್ಷದ ಹೆಂಗಸು, ಸಿಸ್ಟಂ ಮುಂದೆ ಒಬ್ಬಳೇ ಕೂತು ಅತ್ತೆ.

ಆ ಮೇಲೆ ತಲೆಗೆ ಏರಿತು.

ಪ್ರತಿ ಕಾಲೇಜಿನಲ್ಲೂ ಸರ್ವರ್ ಕೋಣೆಗೆ ಒಬ್ಬ ಅಟೆಂಡರ್ ಇದ್ದಾರೆ. ಚಿಂಚೋಳಿಯಲ್ಲಿ ಇರುವವರು ಮೊಗಲಪ್ಪ. ನನಗಿಂತ ಹತ್ತು ವರ್ಷ ದೊಡ್ಡವರು, ನಿವೃತ್ತಿಗೆ ಹತ್ತಿರ. ಅವರದೊಂದು ಪದ್ಧತಿ. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಸರ್ವರನ್ನು ನಾನು ಕಲಿಸಿದ ಹಾಗೆ ಕ್ರಮವಾಗಿ ಬಂದ್ ಮಾಡಿ, ಪ್ಲಗ್ ಕಿತ್ತು, ಒಣ ಬಟ್ಟೆಯಿಂದ ಒರೆಸಿ, ಮೂರು ಬೆರಳಿನ ವಿಭೂತಿ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿ, ಹೊರಗೆ ಹೊಸ್ತಿಲ ಬಳಿ ತೆಂಗಿನಕಾಯಿ ಒಡೆಯುತ್ತಾರೆ. ಲಾರಿಗೆ, ಅಂಗಡಿಗೆ, ಹಿಟ್ಟಿನ ಗಿರಣಿಗೆ ಅಮಾವಾಸ್ಯೆ ಪೂಜೆ ಮಾಡುವ ಸೀಮೆ ಇದು, ಸರ್ವರ್ ಏನು ಪಾಪ ಮಾಡಿದೆ? ನಾನು ಪೂಜೆ ಮಾಡುವವಳಲ್ಲ. ನಮ್ಮ ಮನೆಯಲ್ಲಿ ಬುದ್ಧನ ಫೋಟೊ ಮುಂದೆ ಮೇಣದಬತ್ತಿ ಹಚ್ಚುತ್ತೇವೆ, ಅಷ್ಟೇ. ಆದರೆ ಐದರಲ್ಲಿ ಧೂಳಿಲ್ಲದ ಸರ್ವರ್ ಅಂದರೆ ಚಿಂಚೋಳಿಯದೇ ಅನ್ನುವುದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಪೂಜೆ ಮುಗಿಸಿ ಸರ್ವರ್ ಚಾಲೂ ಮಾಡಿದ ಮೇಲೆ ಮೊಗಲಪ್ಪ ನನಗೊಂದು ಫೋನು ಮಾಡುತ್ತಿದ್ದರು. ಪೂಜೆ ಆಯಿತು, ಗಡಿಯಾರ ಹಿಂದೆ ಹೋಗಿದೆ, ಏನು ಒತ್ತಲಿ ಅಂತ. ನಾನು ಹೇಳುತ್ತಿದ್ದೆ, ಅವರು ಒತ್ತುತ್ತಿದ್ದರು, ಸರ್ವರಿನ ಗಡಿಯಾರ ಸರಿಯಾಗುತ್ತಿತ್ತು. ಎರಡು ನಿಮಿಷದ ಮಾತು. ಹನ್ನೊಂದು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ತಪ್ಪಿಲ್ಲ.

ಗಡಿಯಾರ ಹಿಂದೆ ಹೋಗುತ್ತಿದ್ದುದು ಯಾಕೆ? ಸರ್ವರಿನ ಒಳಗೆ ಒಂದು ಗುಂಡಿಯಷ್ಟು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ತಾರೀಖು ನೆನಪಿಡುವುದು ಅದರ ಕೆಲಸ. ಚಿಂಚೋಳಿಯದು ಎಂದೋ ಸತ್ತಿತ್ತು. ಪ್ಲಗ್ ಕಿತ್ತರೆ ಸರ್ವರು ತಾನು ಹುಟ್ಟಿದ ದಿನಕ್ಕೆ, ಅಂದರೆ ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂರುತ್ತಿತ್ತು. ಸೆಲ್ ಯಾಕೆ ಹಾಕಿಸಲಿಲ್ಲ ಅಂತ ಕೇಳಬೇಡಿ. ಮುಂದಿನ ಗುರುವಾರ, ಮುಂದಿನ ಗುರುವಾರ ಅಂತ ವರ್ಷಗಳೇ ಕಳೆದವು. (ನಿಮ್ಮ ಮನೆಯ ಸೋರುವ ನಲ್ಲಿ ರಿಪೇರಿ ಆಯಿತೇ?)

ಸ್ಕ್ರಿಪ್ಟ್ ಬರೆಯುವ ಮುಂಚೆ ಒಂದು ಹಾಳೆಯಲ್ಲಿ ನಾನು ಪ್ರತಿ ಊರಿನಲ್ಲಿ ಮಾಡುವ ಕೆಲಸಗಳನ್ನೆಲ್ಲ ಪಟ್ಟಿ ಮಾಡಿದ್ದೆ. ಬ್ಯಾಕಪ್ ಇತ್ತು, ಸ್ವಚ್ಛತೆ ಇತ್ತು, ಲಾಗಿನ್ ಇತ್ತು. ಗಡಿಯಾರ ಇರಲಿಲ್ಲ. ಮರೆತದ್ದಲ್ಲ, ಅದು ಕೆಲಸ ಅಂತಲೇ ನನಗೆ ಅನ್ನಿಸಿರಲಿಲ್ಲ. ನೆಟ್ ಇದ್ದರೆ ಸರ್ವರ್ ತಾನೇ ಸರಿಯಾದ ಟೈಮ್ ಕೇಳಿ ತಿಳಿದುಕೊಳ್ಳುವಂತೆ ಮಾಡಿದ್ದೆ, ಮುಗಿಯಿತಲ್ಲ ಅಂದುಕೊಂಡೆ. ನಮ್ಮ ಅತ್ತೆಯನ್ನು ರೊಟ್ಟಿಗೆ ನೀರು ಎಷ್ಟು ಹಾಕುತ್ತೀರಿ ಅಂತ ಕೇಳಿದರೆ ಅವರೂ ಹೀಗೇ. ಕೈಗೆ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ.

ಎಲ್ಲ ಸಿದ್ಧವಾದ ಮೇಲೆ ಐದೂ ಅಟೆಂಡರುಗಳಿಗೆ ಫೋನು ಮಾಡಿದೆ. ಏನು ಜಂಬ ನನ್ನ ದನಿಯಲ್ಲಿ! ಇನ್ನು ಮೇಲೆ ನೀವು ಏನನ್ನೂ ಮುಟ್ಟಬೇಡಿ, ನನಗೆ ಫೋನೂ ಮಾಡಬೇಡಿ, ಎಲ್ಲ ತಾನೇ ಆಗುತ್ತದೆ ಅಂದೆ. ಹೈದರಾಬಾದಿನವರು ಹೇಳಿದ ಅದೇ ಮಾತು, ನನ್ನ ಬಾಯಲ್ಲಿ.

ವಾಡಿಯ ಸರ್ವರಿನಲ್ಲಿ ಪರೀಕ್ಷೆ ಮಾಡಿದ್ದೆ. ವಾಡಿಯಲ್ಲಿ ಸೆಲ್ ಹೊಸದು, ಯುಪಿಎಸ್ ಗಟ್ಟಿ, ನೆಟ್ ಹೋಗುವುದೇ ಅಪರೂಪ. ಅಲ್ಲಿ ಪಾಸಾದದ್ದು ಎಲ್ಲ ಕಡೆ ಪಾಸು ಅಂತ ಬಿಟ್ಟೆ. ಏನನ್ನೂ ಅಳಿಸದೆ, ಏನೇನು ಅಳಿಸುತ್ತೇನೆ ಅಂತ ಸ್ಕ್ರಿಪ್ಟಿನಿಂದ ಬರೀ ಹೇಳಿಸಿ ನೋಡುವ ಒಂದು ವಿಧಾನ ಇದೆ. ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದೆ. ಚಿಂಚೋಳಿಯಲ್ಲಿ ಅದನ್ನು ಮಾಡಲಿಲ್ಲ.

ಬಂತು ಆ ಅಮಾವಾಸ್ಯೆ.

ಬೆಳಿಗ್ಗೆ ಮೊಗಲಪ್ಪ ಪೂಜೆ ಮಾಡಿ ಸರ್ವರ್ ಚಾಲೂ ಮಾಡಿದರು. ಅವತ್ತು ಚಿಂಚೋಳಿಯಲ್ಲಿ ನೆಟ್ ಇರಲಿಲ್ಲ. ಸರ್ವರಿನ ಗಡಿಯಾರ ಹದಿನೈದು ವರ್ಷ ಹಿಂದೆ. ಮಾರ್ಕ್ಸ್ ಹಾಕಲು ನೆಟ್ ಬೇಕಿಲ್ಲ, ಕಾಲೇಜಿನ ಒಳಗಿನ ತಂತಿ ಸಾಕು. ಲೆಕ್ಚರರುಗಳೆಲ್ಲ ದಿನವಿಡೀ ಕೂತು ಇಂಟರ್ನಲ್ ಮಾರ್ಕ್ಸ್ ಹಾಕಿದರು. ಆ ಕಡತಗಳ ಮೇಲೆಲ್ಲ ಹದಿನೈದು ವರ್ಷ ಹಳೆಯ ತಾರೀಖು ಬಿತ್ತು. ಸಂಜೆ ಐದಕ್ಕೆ ನೆಟ್ ಬಂತು, ಗಡಿಯಾರ ಇವತ್ತಿಗೆ ಓಡಿ ಬಂತು. ಐದೂವರೆಗೆ ನನ್ನ ಸ್ಕ್ರಿಪ್ಟ್ ಎದ್ದಿತು. ಮೂರು ತಿಂಗಳಿಗಿಂತ ಹಳೆಯದನ್ನು ಅಳಿಸು ಅಂತ ಅದಕ್ಕೆ ನನ್ನ ಆಜ್ಞೆ. ನೋಡಿತು, ಇವು ಹದಿನೈದು ವರ್ಷದವು. ಗುಡಿಸಿ ಹಾಕಿತು. ಆ ಮೇಲೆ ಬ್ಯಾಕಪ್ ತೆಗೆಯಿತು.

ಗಮನಿಸಿದಿರಾ? ಮೊದಲು ಗುಡಿಸುವುದು, ಆ ಮೇಲೆ ಬ್ಯಾಕಪ್. ಜಾಗ ಉಳಿಯುತ್ತದೆ ಅಂತ ನಾನೇ ಆ ಕ್ರಮದಲ್ಲಿ ಬರೆದಿದ್ದೆ. ಕಸ ಹೊಡೆಯುವ ಮುನ್ನ ನೆಲದ ಮೇಲೆ ಕಿವಿಯ ಬೆಂಡೋಲೆ ಬಿದ್ದಿದೆಯೇ ಅಂತ ನೋಡುವ ಬುದ್ಧಿ ಯಾವ ಮನೆಯ ಹೆಂಗಸಿಗಿಲ್ಲ? ನನಗಿರಲಿಲ್ಲ.

ಮರುದಿನ ಒಂಬತ್ತೂವರೆಗೆ ಫೋನು ಬಂತು. ಚಿಂಚೋಳಿಯ ಕಾಮರ್ಸ್ ಲೆಕ್ಚರರ್ ನಾಗರತ್ನಾ ಮೇಡಂ. ಮಾರ್ಕ್ಸ್ ಜವಾಬ್ದಾರಿ ಅವರದು.

"ಮೇಡಂ, ನಿನ್ನಿ ದಿನಾಪೂರ್ತಿ ಕುಂತು ಹಾಕೀವ್ರಿ. ಇವತ್ತ ತೆಗದು ನೋಡಿದ್ರ ಫೋಲ್ಡರ್ ಪುರಾ ಖಾಲಿ ಅದ. ನಾಳಿ ಸಂಜಿ ಐದಕ್ಕ ಯೂನಿವರ್ಸಿಟಿಯವ್ರು ಮಾರ್ಕ್ಸ್ ತಗೊಳ್ಳೋದು ಬಂದ್ ಮಾಡ್ತಾರ."

ಐದಕ್ಕೆ ಬಂದ್ ಅಂದರೆ ಬಂದ್. ಇಂಟರ್ನಲ್ ಮಾರ್ಕ್ಸ್ ಹೋಗದ ವಿದ್ಯಾರ್ಥಿಯ ರಿಸಲ್ಟ್ ತಡೆದಿಡುತ್ತಾರೆ. ಸರ್ವರನ್ನು ಯಾರೂ ಮುಟ್ಟಬೇಡಿ ಅಂತ ಹೇಳಿ ರೈಲಿಗೆ ಓಡಿದೆ. ಅವತ್ತು ರೈಲಿನಲ್ಲಿ ನೋಟ್‌ಬುಕ್ ತೆಗೆಯಲಿಲ್ಲ. ಸೇಡಂನಲ್ಲಿ ಬಸ್ಸು ಹತ್ತಿ ಇಕ್ಕೆಲದ ತೊಗರಿ ಹೊಲಗಳನ್ನು ನೋಡುತ್ತ ಒಂದೇ ಸಮನೆ ನನ್ನನ್ನು ಬೈದುಕೊಂಡೆ.

ಚಿಂಚೋಳಿಯ ಸರ್ವರ್ ಕೋಣೆಯಲ್ಲಿ ವಿಭೂತಿಯ ವಾಸನೆ ಇನ್ನೂ ಇತ್ತು. ಮೊಗಲಪ್ಪ ಸ್ಟೂಲ್ ಎಳೆದು ಕೊಟ್ಟರು. ಸ್ಕ್ರಿಪ್ಟ್ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟಿತ್ತು, ಅದೊಂದು ಪುಣ್ಯ. ಅಳಿಸಿದ ಪ್ರತಿ ಕಡತದ ಮುಂದೆ ಹದಿನೈದು ವರ್ಷ ಹಿಂದಿನ ತಾರೀಖು. ಅದನ್ನು ನೋಡಿದ ಕ್ಷಣಕ್ಕೆ ಎಲ್ಲ ಗೊತ್ತಾಗಿ ಹೋಯಿತು. ಅಳಿಸಿದ್ದನ್ನು ಮರಳಿ ತರಲು ಒಂದು ತಾಸು ಒದ್ದಾಡಿದೆ. ಬರಲಿಲ್ಲ.

ಗಡಿಯಾರ ಹಿಂದೆ ಹೋದದ್ದು ನೋಡಿದಿರಾ ಅಂತ ಮೊಗಲಪ್ಪನವರನ್ನು ಕೇಳಿದೆ. ಚಾಲೂ ಮಾಡಿದ ಕೂಡಲೇ ನೋಡಿದೆ ಅಂದರು. ಮತ್ತೆ ಫೋನ್ ಯಾಕೆ ಮಾಡಲಿಲ್ಲ ಅಂದೆ. ನನ್ನ ದನಿ ಏರಿತ್ತು ಅಂತ ಕಾಣುತ್ತದೆ.

"ನೀವೇ ಹೇಳಿದ್ರಲ್ಲರಿ ಅಕ್ಕೋರೆ, ಏನೂ ಮುಟ್ಟಬ್ಯಾಡ್ರಿ, ಫೋನೂ ಮಾಡಬ್ಯಾಡ್ರಿ, ಎಲ್ಲಾ ತಾನೇ ಆಗ್ತದ ಅಂತ. ಎರಡ ಸಲ ಫೋನ್ ಕೈಯಾಗ ಹಿಡದೀನಿ. ಮತ್ತ ಬೈತಾರಂತ ಇಟ್ಟೀನಿ."

ನಾನು ಹೇಳಿದ ಮಾತನ್ನು ಅಕ್ಷರಶಃ ಪಾಲಿಸಿದವರು ಇಬ್ಬರು. ಒಂದು ನನ್ನ ಸ್ಕ್ರಿಪ್ಟ್. ಇನ್ನೊಬ್ಬರು ಮೊಗಲಪ್ಪ.

ಇನ್ನು ಕೂತು ಅಳುವ ಹೊತ್ತಲ್ಲ. ಉತ್ತರ ಪತ್ರಿಕೆಗಳ ಕಟ್ಟುಗಳು ಬೀರುವಿನಲ್ಲಿದ್ದವು, ಅವುಗಳ ಮೇಲೆ ಕೆಂಪು ಶಾಯಿಯಲ್ಲಿ ಮಾರ್ಕ್ಸ್ ಇತ್ತು. ಮೊದಲಿನಿಂದ ಹಾಕೋಣ ಅಂದೆ. ನಾಗರತ್ನಾ ಮೇಡಂ ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ. ನಮ್ಮ ಒಂದು ದಿನ ತಿಂದಿರಿ, ಇನ್ನೊಂದನ್ನೂ ಕೇಳುತ್ತಿದ್ದೀರಿ ಅಂದರು. ತಪ್ಪೇನಿದೆ ಅವರದು? ನೀವು ಬರೀ ಓದಿ, ಟೈಪ್ ನಾನು ಮಾಡುತ್ತೇನೆ, ಮುಗಿಯುವವರೆಗೆ ಈ ಊರು ಬಿಡುವುದಿಲ್ಲ ಅಂದೆ.

ಓದಿದರು. ಹದಿನೇಳು, ಹದಿನಾಲ್ಕು, ಗೈರು, ಒಂಬತ್ತು. ಮೊದಲ ಕಟ್ಟು ಸಿಟ್ಟಿನಿಂದ ಓದಿದರು. ಎರಡನೇ ಕಟ್ಟಿಗೆ ದನಿ ಇಳಿಯಿತು. ಮೂರನೇ ಕಟ್ಟಿನಲ್ಲಿ ಒಬ್ಬಳಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದಿತ್ತು. ಇವಳು ಬೆಳಿಗ್ಗೆ ಹೂವು ಮಾರಿ ಕಾಲೇಜಿಗೆ ಬರುತ್ತಾಳೆ, ಇವಳದು ಮಾತ್ರ ತಪ್ಪಬಾರದು ಅಂತ ಎರಡು ಸಲ ಓದಿದರು. ನಾನೂ ಎರಡು ಸಲ ನೋಡಿ ಹಾಕಿದೆ. ಮೊಗಲಪ್ಪ ಕಟ್ಟು ಬಿಚ್ಚಿ ಕೊಡುವುದು, ಮುಗಿದದ್ದನ್ನು ಕಟ್ಟಿ ಇಡುವುದು, ನಡುನಡುವೆ ಚಹಾ ತರುವುದು ಮಾಡಿದರು. ಅವತ್ತು ನಾಗರತ್ನಾ ಮೇಡಂ ಮನೆಯಲ್ಲೇ ಉಂಡು ಉಳಿದೆ. ಮರುದಿನ ಮಧ್ಯಾಹ್ನ ಎರಡೂವರೆಗೆ ಕೊನೆಯ ಹೆಸರು. ಮೂರಕ್ಕೆಲ್ಲ ಯೂನಿವರ್ಸಿಟಿಗೆ ಹೋಗಿ ಮುಟ್ಟಿತು. ಬೆರಳುಗಳು ಮಡಚಲು ಬರುತ್ತಿರಲಿಲ್ಲ.

ಆದರೆ ಸುದ್ದಿ ಸೆಕ್ರೆಟರಿ ಸಾಹೇಬರಿಗೆ ಆಗಲೇ ಮುಟ್ಟಿತ್ತು. ಬಸ್ ಸ್ಟ್ಯಾಂಡಿನಲ್ಲಿದ್ದಾಗ ಅವರ ಫೋನು. ಅಟೆಂಡರ್ ಅಮಾವಾಸ್ಯೆ ಪೂಜೆ ಅಂತ ಪ್ಲಗ್ ಕಿತ್ತದ್ದರಿಂದ ಹೀಗಾಯಿತಂತೆ, ನಿಜವೇ ಅಂದರು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಹೌದು ಅಂದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಅದೇನು ಪೂರಾ ಸುಳ್ಳೂ ಅಲ್ಲ, ಪ್ಲಗ್ ಕಿತ್ತದ್ದು ಖರೆ. ಮೊಗಲಪ್ಪನವರಿಗೆ ಒಂದು ಮೆಮೊ ಸಿಗುತ್ತಿತ್ತು. ಅದಕ್ಕೂ ಮುಂಚೆ ಮೊಗಲಪ್ಪನವರೇ ನನಗೆ ಹೇಳಿದ್ದರು, ನನ್ನ ಹೆಸರು ಹೇಳಿಬಿಡಿ ಅಕ್ಕೋರೆ, ನಂದೇನು ಎರಡು ವರ್ಷ ಉಳಿದಿದೆ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲವೇ ಎದ್ದು ನಿಂತು ನಾನು ಡೊಂಕು ಅಂದರೆ ಒಪ್ಪಿಕೊಳ್ಳುವ ಆಸೆ ಯಾರಿಗಾಗುವುದಿಲ್ಲ? ನನಗೂ ಆಯಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು.

"ಅಲ್ಲರಿ ಸಾಹೇಬ್ರ. ಪೂಜಾ ಹನ್ನೊಂದು ವರ್ಷದಿಂದ ನಡದದ, ಒಂದು ಕಾಗದ ಕಳದಿಲ್ಲ. ಕಳದದ್ದು ನನ್ನ ಸ್ಕ್ರಿಪ್ಟು. ತಪ್ಪು ನಂದು."

ಸಾಹೇಬರು, ಹಾಗಾದರೆ ಮುಂದಿನ ಅಮಾವಾಸ್ಯೆಗೆ ಖುದ್ದು ಚಿಂಚೋಳಿಗೆ ಬರುತ್ತೇನೆ, ನನ್ನ ಕಣ್ಣ ಮುಂದೆ ಪ್ಲಗ್ ಕೀಳಬೇಕು, ನೀನು ವಾಡಿಯಿಂದ ಕದಲಕೂಡದು ಅಂದರು. ಒಂದು ಕಡತ ಹೋದರೂ ಕೆಲಸ ಹೈದರಾಬಾದಿನವರಿಗೆ. ಒಂದು ತಿಂಗಳು ಸಿಕ್ಕಿತು.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಗೂಡ್ಸ್ ಗಾಡಿಯ ಗಾರ್ಡ್. (ಈಗ ಟ್ರೇನ್ ಮ್ಯಾನೇಜರ್ ಅನ್ನಬೇಕಂತೆ. ನಮ್ಮ ಓಣಿಯಲ್ಲಿ ಇನ್ನೂ ಗಾರ್ಡೇ.) ಸಮಾಧಾನ ಮಾಡುತ್ತಾರೆ ಅಂದುಕೊಂಡರೆ, ಇಷ್ಟು ಅಂದರು.

"ಗಾಡಿ ಬಿಡೋ ಮೊದಲ ಡ್ರೈವರ್ ಮತ್ತ ನಾ ಗಡಿಯಾರ ಕೂಡಿಸ್ಕೋತ್ತೀವಿ. ಅವಂದೊಂದು ಟೈಮು ನಂದೊಂದು ಟೈಮು ಇತ್ತಂದ್ರ ಗಾಡಿ ಹೊಂಡಂಗಿಲ್ಲ. ನಿನ್ನ ಸ್ಕ್ರಿಪ್ಟು ಯಾರ ಕೂಡ ಕೂಡಿಸ್ಕೋತದ?"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರ ಡ್ಯೂಟಿಯ ಮಾತು ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಯಾರ ಜೊತೆಗೂ ಕೂಡಿಸಿಕೊಳ್ಳುತ್ತಿರಲಿಲ್ಲ. ತನ್ನ ಗಡಿಯಾರವೇ ಸರಿ ಅಂತ ಪೊರಕೆ ಹಿಡಿದು ಎದ್ದಿತ್ತು.

ಮತ್ತೆ ನೋಟ್‌ಬುಕ್. ಈ ಸಲ ಜಂಬ ಇರಲಿಲ್ಲ. ಮೊದಲ ಸಾಲಿನಿಂದ ಮತ್ತೆ ಬರೆದೆ. ಸರ್ವರ್ ಎದ್ದ ಕೂಡಲೇ, ಹೋದ ಸಲ ತಾನು ಕೆಲಸ ಮಾಡಿದ್ದು ಯಾವಾಗ ಅಂತ ಸ್ಕ್ರಿಪ್ಟ್ ನೋಡಬೇಕು. ಈಗಿನ ತಾರೀಖು ಅದಕ್ಕಿಂತ ಹಿಂದಿನದಾಗಿದ್ದರೆ ಕಾಲ ಹಿಂದಕ್ಕೆ ಹರಿಯುವುದಿಲ್ಲ, ಏನೋ ತಪ್ಪಾಗಿದೆ ಅಂತ ಅಲ್ಲಿಗೇ ನಿಲ್ಲಬೇಕು. ಬ್ಯಾಕಪ್ ಮೊದಲು, ಕಸ ಆ ಮೇಲೆ. ಅದೂ ಅಳಿಸುವುದಲ್ಲ, ಒಂದು ಬುಟ್ಟಿಗೆ ಹಾಕಿ ಮೂರು ತಿಂಗಳು ಇಡುವುದು. ಬೇಡ ಅಂತ ಎಸೆದದ್ದನ್ನು ಹುಡುಕಿಕೊಂಡು ಬರುವುದು ಮನುಷ್ಯನ ಸ್ವಭಾವ ಅಲ್ಲವೇ?

ನಿಂತ ಮೇಲೆ ಏನು ಮಾಡಬೇಕು? ನೆಟ್ ಇಲ್ಲದಾಗ ನನಗೆ ಮೆಸೇಜ್ ಕಳಿಸಲು ಅದಕ್ಕೆ ಆಗುವುದಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಚಿತ್ತಾಪುರದ ರೈಲಿನಲ್ಲಿ ರಾವೂರಿನ ಒಬ್ಬ ಹೆಂಗಸು ಪಕ್ಕದಲ್ಲಿ ಕೂತಿದ್ದಳು. ಕಲ್ಲು ಗಣಿಯಲ್ಲಿ ಕೆಲಸ ಮಾಡಿ ಬೆರಳ ಗೆರೆ ಸವೆದಿವೆ. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟು ಹಿಡಿಯುವುದಿಲ್ಲವಂತೆ. ಮೂರು ಸಲ ತಿರುಗಿ ಬಂದಿದ್ದಾಳೆ. ಅಂಗಡಿಯವನು ಅವಳನ್ನು ಚಿಕ್ಕಂದಿನಿಂದ ಬಲ್ಲ, ಆದರೂ ಸಿಸ್ಟಂ ಒಪ್ಪಲಿಕತ್ತಿಲ್ಲ ಅನ್ನುತ್ತಾನೆ. ಎದುರಿಗೇ ನಿಂತ ಮನುಷ್ಯ ಗೊತ್ತು ಅನ್ನುತ್ತಿದ್ದಾನೆ, ಅವನನ್ನು ಕೇಳುವ ಒಂದು ಸಾಲು ಆ ಯಂತ್ರದಲ್ಲಿ ಯಾರೂ ಬರೆದಿಲ್ಲ.

ನನಗೆ ಉತ್ತರ ಸಿಕ್ಕಿತು. ಸರ್ವರಿನ ಎದುರಿಗೇ ಒಬ್ಬರು ಮನುಷ್ಯರಿದ್ದಾರಲ್ಲ? ತಾರೀಖು ಅವರಿಗೆ ಗೊತ್ತಿರುವುದಿಲ್ಲವೇ? ಸ್ಕ್ರಿಪ್ಟ್ ನಿಂತ ಕೂಡಲೇ ಪರದೆಯ ಮೇಲೆ ಅವರನ್ನು ಹೆಸರು ಹಿಡಿದು ಕೇಳುವಂತೆ ಬರೆದೆ. ಕನ್ನಡದಲ್ಲಿ. ಸರ್ವರಿನ ಆ ಕರಿ ಪರದೆಯ ಮೇಲೆ ಕನ್ನಡ ಅಕ್ಷರ ಮೂಡುವುದಿಲ್ಲ. ಅದಕ್ಕಾಗಿ ಬೇರೆ ಕಿಟಕಿ ತೆರೆಸಬೇಕಾಯಿತು. ಅದಕ್ಕೇ ನಾಲ್ಕು ದಿನ ಹೋದವು. ಹೋಗಲಿ ಅಂತ ಬಿಡಲಿಲ್ಲ. ಸೆಲ್ಲನ್ನು ಬೇಕಂತಲೇ ಬದಲಿಸಲಿಲ್ಲ. ಸತ್ತ ಸೆಲ್ಲಿನಲ್ಲೇ ಗೆಲ್ಲಬೇಕು.

ಮೊನ್ನೆಯ ಅಮಾವಾಸ್ಯೆ. ಬೆಳಿಗ್ಗೆ ಹತ್ತಕ್ಕೆ ಸಾಹೇಬರು ಚಿಂಚೋಳಿಯಲ್ಲಿ, ನಾನು ವಾಡಿಯಲ್ಲಿ. ನೆಟ್ ತಂತಿಯನ್ನೂ ಅವರು ಕೀಳಿಸಿದ್ದರಿಂದ ನನಗೆ ಇಲ್ಲಿಂದ ಏನೂ ಕಾಣುವಂತಿಲ್ಲ. ಮೊಬೈಲ್ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತೆ. ಚಹಾ ಆರಿ ತಣ್ಣಗಾಯಿತು. ಹನ್ನೊಂದಾಯಿತು. ಹನ್ನೊಂದೂವರೆ.

ಹನ್ನೆರಡಕ್ಕೆ ಮೊಗಲಪ್ಪನವರ ಫೋನು.

"ಅಕ್ಕೋರೆ, ಪೂಜಾ ಆತು. ಚಾಲೂ ಮಾಡಿದ್ವಿ. 'ಗಡಿಯಾರ ಹಿಂದೆ ಹೋಗಿದೆ, ನಾನು ಏನನ್ನೂ ಮುಟ್ಟಿಲ್ಲ, ಮೊಗಲಪ್ಪಣ್ಣ, ಇವತ್ತು ತಾರೀಖು ಎಷ್ಟು?' ಅಂತ ಬರದದ. ನನ್ನ ಹೆಸರೇ ಬರದದ ನೋಡ್ರಿ."

ಸಾಹೇಬರು ಮೊಗಲಪ್ಪನವರಿಗೆ, ಸದ್ಯ ಉತ್ತರ ಒತ್ತಬೇಡ ಅಂದರಂತೆ. ನಾಗರತ್ನಾ ಮೇಡಂ ಕೈಯಿಂದ ಹತ್ತು ಕಡತ ಹಾಕಿಸಿದರಂತೆ. ಉತ್ತರ ಕೊಡದೆಯೇ ಗುಡಿಸುವ ಸ್ಕ್ರಿಪ್ಟನ್ನು ಎರಡು ಸಲ ಓಡಿಸಿದರಂತೆ. ಎರಡು ಸಲವೂ ಅದು, ತಾರೀಖು ತಿಳಿಯುವವರೆಗೆ ಪೊರಕೆ ಮುಟ್ಟುವುದಿಲ್ಲ ಅಂತ ಹಟ ಹಿಡಿದು ಕೂತಿತಂತೆ. (ಬರೆದವಳ ಗುಣ.) ಹತ್ತಕ್ಕೆ ಹತ್ತು ಕಡತ ಇದ್ದಲ್ಲೇ ಇದ್ದವು. ಆ ಮೇಲೆ ಮೊಗಲಪ್ಪ ತಾರೀಖು ಒತ್ತಿದರು, ಗಡಿಯಾರ ಸರಿಯಾಯಿತು, ಆ ಹತ್ತು ಕಡತಗಳ ತಾರೀಖನ್ನೂ ಸ್ಕ್ರಿಪ್ಟ್ ತಿದ್ದಿತು, ಬ್ಯಾಕಪ್ ಆಯಿತು.

ಸಾಹೇಬರು ಫೋನು ತೆಗೆದುಕೊಂಡು ಹೈದರಾಬಾದಿನವರಿಗೆ ಬೇಡ ಅಂತ ಹೇಳುತ್ತೇನೆ ಅಂದರು. ಇಷ್ಟೇ ಅಂದರು, ಸಾಕು. ಕೆಲಸ ನನ್ನದು. ಐದೂ ನನ್ನವು.

ಫೋನು ಮತ್ತೆ ಮೊಗಲಪ್ಪನವರ ಕೈಗೆ ಹೋಯಿತು. ಖುಷಿಯಲ್ಲಿ ಅವರಿಗೆ ಹೇಳಿದೆ. ಮೊಗಲಪ್ಪಣ್ಣ, ಈ ಗುರುವಾರ ಬಂದು ಹೊಸ ಸೆಲ್ ಹಾಕುತ್ತೇನೆ, ಇನ್ನು ಗಡಿಯಾರ ಹಿಂದೆ ಹೋಗುವುದಿಲ್ಲ, ನಿಮಗೆ ಆ ತೊಂದರೆ ಇಲ್ಲ ಅಂತ.

ಅವರೊಂದು ಮಾತು ಕೇಳಿಕೊಂಡರು.

"ಸೆಲ್ ಹಾಕ್ರಿ ಅಕ್ಕೋರೆ. ಆದ್ರ ಅದು ನನ್ನ ಕೇಳ್ತದಲ್ಲ, ಆ ಸಾಲು ತಗೀಬ್ಯಾಡ್ರಿ."

ತೆಗೆದಿಲ್ಲ. ಈಗ ಐದೂ ಊರಿನ ಸ್ಕ್ರಿಪ್ಟಿನಲ್ಲಿ ಆ ಸಾಲು ಇದೆ, ಅಲ್ಲಲ್ಲಿಯ ಅಟೆಂಡರರ ಹೆಸರು ಹಾಕಿ ಬರೆದಿದ್ದೇನೆ. ಹನ್ನೊಂದು ವರ್ಷದಲ್ಲಿ ನಾನು ಅವರಿಗೆಲ್ಲ ಹೇಳಿದ್ದಕ್ಕೆ ಮಿತಿಯಿಲ್ಲ. ಒಂದು ಸಲವಾದರೂ ಕೇಳಿದ್ದೆನೇ?